ಮಿಂಚುಳ್ಳಿಗೊಂದು ಕೆಟ್ಟ ಸುದ್ದಿ

ಮಾರ್ಚ್ 4

ಇವತ್ತು ನಮ್ಮ ಮನೆಗೆ ಪೆಟ್ಟಿಗೆ ಬಂತು. ಬಾಹ್ಯಾಕಾಶ ಕೇಂದ್ರದಿಂದ ಇಬ್ಬರು ಬಂದು, ಕಿಟಕಿಯಿಂದ ತಂತಿ ಎಳೆದು, ಬೀರುವಿನ ಮೇಲೆ ಅದನ್ನು ಕೂರಿಸಿ ಹೋದರು. ಅಮ್ಮ ಮೇಲೆ ಹೋದಾಗ ಅವಳೂ ಕೇಂದ್ರದವರೂ ಆಡುವ ಮಾತೆಲ್ಲ ಅದರಲ್ಲಿ ಕೇಳಿಸುತ್ತದಂತೆ. ನಾವು ಕೇಳಬಹುದು, ಮಾತಾಡುವ ಹಾಗಿಲ್ಲ. ಹಿಂಬದಿಯ ಸ್ಕ್ರೂಗಳ ಮೇಲೆ ಅರಗಿನ ಮುದ್ರೆ ಒತ್ತಿದ್ದಾರೆ. "ಇದನ್ನ ಯಾರೂ ಬಿಚ್ಚೋ ಹಾಗಿಲ್ಲ" ಅಂತ ಅಪ್ಪನ ಮುಖವನ್ನೇ ನೋಡಿ ಹೇಳಿದರು. ಅಪ್ಪನಿಗೆ ರೇಡಿಯೋ ರಿಪೇರಿ ಅಂಗಡಿ ಇರುವುದು ಕೇಂದ್ರಕ್ಕೆಲ್ಲ ಗೊತ್ತು. ಅವರು ಹೋದ ಮೇಲೆ ಅಪ್ಪ ಪೆಟ್ಟಿಗೆಯ ಮುಂದೆ ಮಿಠಾಯಿ ಅಂಗಡಿ ಎದುರಿಗೆ ನಿಂತ ಹುಡುಗನ ಹಾಗೆ ನಿಂತಿದ್ದ.

ಯಾರಿಗೂ ಹೇಳಲಾಗದ್ದನ್ನು ಬರೆದಾದರೂ ಇಡೋಣ ಅಂತ ಈ ದಿನಚರಿ. ನನಗೆ ಅಮ್ಮ ಹೋಗುವುದು ಬೇಡ. ಇಲ್ಲಿಯವರೆಗೆ ನಮ್ಮವರಲ್ಲಿ ಒಬ್ಬರೇ ಹೋಗಿ ಬಂದಿರುವುದು, ಅದೂ ಭೂಮಿಗೆ ಒಂದು ಸುತ್ತು. ಅಮ್ಮ ಮೂರು ದಿನ ಇರಬೇಕು. ಕ್ಲಾಸಿನಲ್ಲಿ ಎಲ್ಲರೂ ನನ್ನನ್ನು ರಾಣಿ ಮಗಳ ಹಾಗೆ ನೋಡುತ್ತಾರೆ. ನನಗೋ ಎರಡು ದಿನದಿಂದ ಊಟ ಸೇರುತ್ತಿಲ್ಲ.

ಇದನ್ನು ಅಮ್ಮನಿಗೆ ಹೇಳಬೇಕಿತ್ತು. ನಮ್ಮ ಮನೆಯಲ್ಲಿ ಅದಕ್ಕೊಂದು ಕ್ರಮವೇ ಇದೆ. ಅಮ್ಮ ಮೊದಲು ಅಂಚೆ ವಿಮಾನ ಓಡಿಸುತ್ತಿದ್ದಳು. ಅಲ್ಲಿ ವಿಮಾನ ಇಳಿಸಿದವರು ತಲೆಯ ಟೋಪಿ ತೆಗೆಯುವ ಮೊದಲು ವಿಮಾನದಲ್ಲಿ ಏನು ಕೆಟ್ಟಿದೆ ಅಂತ ಹೇಳಬೇಕು. ಟೀ, ಹರಟೆ ಎಲ್ಲ ಆಮೇಲೆ. ಅಮ್ಮ ಅದನ್ನು ಮನೆಗೂ ತಂದಳು. ಕೆಟ್ಟ ಸುದ್ದಿ ಇದ್ದವರು ಹೊಸ್ತಿಲಲ್ಲೇ ನಿಂತು, ಚಪ್ಪಲಿ ಬಿಡುವ ಮೊದಲೇ ಹೇಳಿಬಿಡಬೇಕು. ಅಮ್ಮ ಪೂರ್ತಿ ಕೇಳಿ, "ಸರಿ, ಒಳಗೆ ಬಾ" ಅನ್ನುತ್ತಾಳೆ. ಬೈಗುಳ ಏನಿದ್ದರೂ ಊಟ ಆದ ಮೇಲೆ. ಇಷ್ಟಾದರೂ ನನಗೆ ಬಾಯಿ ಬರುವುದಿಲ್ಲ. ಲೆಕ್ಕದಲ್ಲಿ ಫೇಲಾದ ದಿನ ಚಪ್ಪಲಿ ಹಾಕಿಕೊಂಡು ಹೊಸ್ತಿಲಲ್ಲಿ ನಿಂತೇ ಇದ್ದೆ, ಕೊನೆಗೆ ಅಮ್ಮನೇ ಕೈಯಿಂದ ಪೇಪರು ಕಿತ್ತುಕೊಂಡಳು. ಅಜ್ಜಿ ನನ್ನನ್ನು ಗುಮ್ಮನಗುಸುಕಿ ಅನ್ನುವುದು ಸುಮ್ಮನೆ ಅಲ್ಲ.

ಮಾರ್ಚ್ 8

ಅಮ್ಮನನ್ನು ಗಾಜಿನ ಈಚೆಯಿಂದ ನೋಡಿ ಬಂದೆವು. ನೆಗಡಿ ಗಿಗಡಿ ಅಂಟಬಾರದು ಅಂತ ಇನ್ನು ಅವಳನ್ನು ಯಾರೂ ಮುಟ್ಟುವ ಹಾಗಿಲ್ಲ. ಪಕ್ಕದಲ್ಲಿ ಬದಲಿ ಆಂಟಿ ನಿಂತಿದ್ದರು. ಅಮ್ಮನಿಗೆ ಜ್ವರ ಬಂದರೆ ಬದಲಿಗೆ ಅವರು ಹೋಗಬೇಕು. ಇಬ್ಬರಿಗೂ ಒಂದೇ ಪಾಠ, ಒಂದೇ ಥರದ ಉಡುಪು. ರೇಡಿಯೋದಲ್ಲಿ ಕರೆಯುವ ಹೆಸರು ಕೂಡ ಇಬ್ಬರಿಗೂ ಒಂದೇ, ಮಿಂಚುಳ್ಳಿ. ಅಮ್ಮನಿಗೆ ಒಂದು ಸಣ್ಣ ಜ್ವರ ಬಂದುಬಿಡಲಿ ಅಂತ ಮನಸ್ಸಿನಲ್ಲೇ ಆಸೆಪಟ್ಟೆ. ಅಷ್ಟರಲ್ಲಿ ಬದಲಿ ಆಂಟಿ ನನ್ನ ಕಡೆ ನೋಡಿ ನಕ್ಕರು. ನಾಚಿಕೆಯಾಗಿ ನೆಲ ನೋಡಿದೆ.

ಅಜ್ಜಿ ಗಾಜಿಗೆ ಮೂಗು ಒತ್ತಿ, "ಹುಷಾರು ಕಣೇ, ಅಲ್ಲಿ ಹೋಗಿ ಕಿಟಕಿ ಗಿಟಕಿ ತೆಗೀಬೇಡ" ಅಂದಳು. ಕೇಂದ್ರದವರೆಲ್ಲ ನಕ್ಕರು. ಅಜ್ಜಿ ತಮಾಷೆಗೆ ಹೇಳಿದ್ದಲ್ಲ.

ನಿನಗೆ ಭಯ ಆಗಲ್ವಾ ಅಂತ ಅಮ್ಮನನ್ನು ಕೇಳಬೇಕಿತ್ತು. ಕೇಳಲಿಲ್ಲ.

ಮಾರ್ಚ್ 12

ಹೋದಳು.

ನೆಲ ನಡುಗಿತು, ಬೀರುವಿನ ಬಾಗಿಲು ತಾನಾಗಿ ತೆರೆದುಕೊಂಡಿತು. ಆಮೇಲೆ ಪೆಟ್ಟಿಗೆಯಲ್ಲಿ ಅಮ್ಮನ ದನಿ ಬಂತು, ಬಕೆಟ್ಟಿನೊಳಗೆ ಬಾಯಿಟ್ಟು ಮಾತಾಡಿದ ಹಾಗೆ. "ಮಿಂಚುಳ್ಳಿ ಮಾತಾಡ್ತಿದೀನಿ. ಎಲ್ಲ ಸರಿಯಾಗಿದೆ." ಅಪ್ಪ ಅತ್ತ. ಅಜ್ಜಿ ಅವನ ತಲೆ ಸವರಿ, "ಥೂ, ಹೆಂಡತಿ ಆಕಾಶಕ್ಕೆ ಹೋದ್ರೆ ಗಂಡ ಹೀಗಾ ಮೂಗು ಸುರಿಸೋದು" ಅಂತ ತಾನೂ ಅತ್ತಳು.

ನಮ್ಮ ಜೊತೆ ಕೂರಲು ಕೇಂದ್ರ ಒಬ್ಬರನ್ನು ಕಳಿಸಿದೆ. ಅವರೂ ಪೈಲಟ್ಟೇ, ಮುಂದಿನ ಸರದಿಯಲ್ಲಿ ಮೇಲೆ ಹೋಗುವವರು. ಪೆಟ್ಟಿಗೆಯಲ್ಲಿ ಬಂದ ಮಾತನ್ನು ನಮಗೆ ಬಿಡಿಸಿ ಹೇಳುವುದು ಅವರ ಕೆಲಸ. ಎರಡು ನಿಮಿಷಕ್ಕೊಮ್ಮೆ ಬೆರಳಿನ ನೆಟಿಗೆ ಮುರಿಯುತ್ತಾರೆ, ಅದಕ್ಕೇ ನೆಟಿಗೆ ಮಾಮ ಅಂತ ಹೆಸರಿಟ್ಟಿದ್ದೇನೆ. ಹೆದರಬೇಡ ಅಂತ ನನಗೆ ಹೇಳುತ್ತಾರೆ. ಹೇಳುವಾಗಲೂ ಒಂದು ನೆಟಿಗೆ.

ಮಾರ್ಚ್ 13, ಬೆಳಿಗ್ಗೆ

ನಾನು ಎದ್ದಾಗಿನಿಂದ ಪೆಟ್ಟಿಗೆ ಗುಂಯ್ ಅನ್ನುತ್ತಿತ್ತು. ಅಮ್ಮನ ಮಾತು ಅರ್ಧಂಬರ್ಧ. ನೆಟಿಗೆ ಮಾಮ ಸ್ನಾನಕ್ಕೆ ಅಂತ ತಮ್ಮ ಮನೆಗೆ ಹೋದದ್ದೇ ತಡ, ಅಪ್ಪ ಸ್ಕ್ರೂಡ್ರೈವರ್ ತಂದ. "ಹುಟ್ಟುಗುಣ ಸುಟ್ರೂ ಹೋಗಲ್ಲ" ಅಂದಳು ಅಜ್ಜಿ. ಅರಗನ್ನು ಬ್ಲೇಡಿನಲ್ಲಿ ಎಷ್ಟು ನಾಜೂಕಾಗಿ ಎಬ್ಬಿಸಿದ ಅಂದರೆ, ಕಳ್ಳರೂ ಅವನ ಹತ್ತಿರ ಕಲಿಯಬೇಕು.

ಒಳಗೆ ನಾಲ್ಕು ತಂತಿ. ಎರಡು ಪೆಟ್ಟಿಗೆಗೆ ಸೇರಿದ್ದವು, ಎರಡು ತುದಿ ಕತ್ತರಿಸಿ ಸುಮ್ಮನೆ ಬಿದ್ದಿದ್ದವು. "ನೋಡು, ಜೋಡಿಸೋದೇ ಮರೆತಿದ್ದಾರೆ. ದನಿ ಎಲ್ಲಿಂದ ಬರ್ಬೇಕು?" ಅಂತ ಅಪ್ಪ ಆ ಎರಡನ್ನೂ ಬೆಸುಗೆ ಹಾಕಿದ. ಗುಂಯ್ ನಿಂತಿತು. ಅಪ್ಪ ಮೀಸೆ ತೀಡಿಕೊಂಡು ಅಂಗಡಿಗೆ ಹೋದ.

ಮಾರ್ಚ್ 13, ಸಂಜೆ

ಅಕ್ಷರ ಹೇಗಾದರೂ ಇರಲಿ, ಆದದ್ದನ್ನೆಲ್ಲ ಬರೆಯುತ್ತೇನೆ.

ಮಧ್ಯಾಹ್ನ ಅಜ್ಜಿ ಬಟ್ಟೆ ಮಡಿಸುತ್ತಿದ್ದಳು, ನೆಟಿಗೆ ಮಾಮ ಇನ್ನೂ ಬಂದಿರಲಿಲ್ಲ. ಪೆಟ್ಟಿಗೆ ಇದ್ದಕ್ಕಿದ್ದಂತೆ ಮಾತಾಡಿತು.

"ಮಿಂಚುಳ್ಳಿ, ಎತ್ತರ ಎಷ್ಟು?"

"ಐದು ಸಾವಿರ. ಪ್ಯಾರಾಚೂಟ್ ಬಿಚ್ಚಿಲ್ಲ."

ಹೆಂಗಸಿನ ದನಿ, ಅದೇ ಬಕೆಟ್ಟಿನ ದನಿ. ಅಮ್ಮ ಇಳಿಯಬೇಕಾದದ್ದು ನಾಡಿದ್ದು. ಈಗಲೇ ಯಾಕೆ ಇಳಿಸುತ್ತಿದ್ದಾರೆ?

"ಮಿಂಚುಳ್ಳಿ, ಪ್ಯಾರಾಚೂಟಿನ ಕೈಹಿಡಿ ಎಳಿ. ಕೈಯಲ್ಲೇ ಬಿಚ್ಚು."

"ಎಳೀತಿದೀನಿ. ಬರ್ತಿಲ್ಲ. ಎರಡು ಸಾವಿರ."

ಆಮೇಲೆ ಏನೂ ಇಲ್ಲ. ಒಬ್ಬ ಗಂಡಸು ನಿಧಾನವಾಗಿ, "ಮುಗೀತು. ನೆಲಕ್ಕೆ ಬಡೀತು" ಅಂದ.

ಅಜ್ಜಿಗೆ ಕಿವಿ ಮಂದ. "ಏನಂತೆ?" ಅಂತ ಕೇಳಿದಳು. ಅವಳ ತೊಡೆಯ ಮೇಲೆ ಅಮ್ಮನದೇ ಸ್ವೆಟರ್ ಇತ್ತು. "ಊಟ ಆಯ್ತಂತೆ ಅಜ್ಜಿ" ಅಂದೆ. ಹೇಗೆ ಹೇಳಿದೆನೋ ಗೊತ್ತಿಲ್ಲ. ಅವಳ ಪಕ್ಕ ಕೂತು ಸ್ವೆಟರಿನ ಇನ್ನೊಂದು ತೋಳು ಹಿಡಿದು ಮಡಿಸಿದೆ. ಅಪ್ಪ ಬರುವವರೆಗೆ ಅಜ್ಜಿಗೆ ಗೊತ್ತಾಗಬಾರದು. ಆಮೇಲೆ ಇನ್ನೊಂದು ಬಟ್ಟೆ ಮಡಿಸಿದೆ, ಮತ್ತೊಂದು. ಅಮ್ಮ ಇಲ್ಲ, ಅಮ್ಮ ಇನ್ನಿಲ್ಲ ಅಂತ ತಲೆಯಲ್ಲಿ ಅದೊಂದೇ ತಿರುಗುತ್ತಿತ್ತು. ಕೈ ಮಾತ್ರ ಬಟ್ಟೆ ಮಡಿಸುತ್ತಲೇ ಇತ್ತು.

ಸ್ವಲ್ಪ ಹೊತ್ತಿಗೆ ಅದೇ ಗಂಡಸು, "ಸರಿ, ಇನ್ನೊಂದ್ಸಲ ಮೊದಲಿಂದ" ಅಂದ. ಅದೇ ಹೆಂಗಸು, "ಮಿಂಚುಳ್ಳಿ ಸಿದ್ಧ" ಅಂದಳು. ಮತ್ತೆ ಐದು ಸಾವಿರ, ಮತ್ತೆ ಎರಡು ಸಾವಿರ. ಅವಳು ಮತ್ತೆ ಸತ್ತಳು.

ತಾಲೀಮು! ಮಾತಾಡುತ್ತಿದ್ದದ್ದು ಬದಲಿ ಆಂಟಿ. ಅಪ್ಪ ಬೆಸೆದ ತಂತಿ ಕೇಂದ್ರದ ತರಬೇತಿ ಕಟ್ಟಡದ್ದೇ ಇರಬೇಕು. ಎದ್ದು ಕುಣಿಯಬೇಕು ಅನ್ನಿಸಿತು. ಅಷ್ಟರಲ್ಲಿ ಇನ್ನೊಂದು ದನಿ ಬಂತು. "ಆ ದೀಪ ಇನ್ನೂ ಕೆಂಪಗೇ ಇದ್ಯಾ?" "ಇದೆ ಸಾರ್. ನಿನ್ನೆ ಸಂಜೆಯಿಂದ." "ಮೇಲಿರೋರಿಗೆ ಈಗಲೇ ಹೇಳೋದು ಬೇಡ."

ಮೇಲಿರುವವರು ಅಂದರೆ ಅಮ್ಮ. ಇನ್ಯಾರಿದ್ದಾರೆ ಮೇಲೆ?

ಅಪ್ಪ ಬಂದಾಗ ಅವನನ್ನು ಹೊಸ್ತಿಲಲ್ಲೇ ತಡೆದು, ಚಪ್ಪಲಿ ಬಿಡಲು ಬಿಡದೆ, ಎಲ್ಲ ಹೇಳಿದೆ. ಅವನು ಹಾಗೇ ಮೆಟ್ಟಿಲ ಮೇಲೆ ಕೂತುಬಿಟ್ಟ. "ಸುಮ್ನಿರಲಾರದೆ ಇರುವೆ ಬಿಟ್ಕೊಂಡೆ" ಅಂದ. ಆಮೇಲೆ, "ಬಿಟ್ಕೊಂಡಿದ್ದೇ ಒಳ್ಳೇದಾಯ್ತೇನೋ" ಅಂತಲೂ ಅಂದ.

ನೆಟಿಗೆ ಮಾಮ ಬಂದ ಮೇಲೆ ಅವರಿಗೂ ನಾನೇ ಹೇಳಿದೆ. ಮುದ್ರೆ ಒಡೆದಿದ್ದಕ್ಕೆ ಬೈಯುತ್ತಾರೆ ಅಂದುಕೊಂಡಿದ್ದೆ. ಅವರ ಮುಖ ಬಿಳಿಚಿತು.

"ಪ್ಯಾರಾಚೂಟ್ ತಾನಾಗೇ ಬಿಚ್ಚಿಕೊಳ್ಳುತ್ತೆ" ಅಂದರು. "ಬಿಚ್ಚೋ ಸಲಕರಣೆ ಕೆಟ್ಟಿದೆ ಅಂತ ನೆಲದ ಮೇಲಿನ ಒಂದು ದೀಪ ಹೇಳ್ತಿದೆ. ದೀಪವೇ ಸುಳ್ಳು ಹೇಳ್ತಿರಬಹುದು."

"ಅಮ್ಮನಿಗೆ ಯಾಕೆ ಹೇಳಿಲ್ಲ?"

"ಹೇಳಿದ್ರೆ ಹೆದರಿ ಕೈಹಿಡಿಯನ್ನ ಬೇಗ ಎಳೆದುಬಿಡ್ತಾರೆ, ಎತ್ತರದ ಗಾಳಿ ಎಲ್ಲಿಗೋ ಹೊತ್ಕೊಂಡು ಹೋಗುತ್ತೆ ಅಂತ ದೊಡ್ಡ ಸಾಹೇಬರ ಲೆಕ್ಕ. ಅದೂ ತಪ್ಪಲ್ಲಮ್ಮ."

"ಮುಂದಿನ ಸಲ ನೀವೇ ತಾನೇ ಹೋಗೋದು? ನಿಮಗಾದ್ರೆ ಹೇಳ್ಬೇಕಾ, ಬೇಡ್ವಾ?"

ಅವರು ಬೆರಳುಗಳನ್ನು ಹೆಣೆದುಕೊಂಡು ಕೂತರು. ಒಂದು ನೆಟಿಗೆಯೂ ಮುರಿಯಲಿಲ್ಲ. "ನನಗೆ ಹೇಳ್ಬೇಕು" ಅಂದರು.

ಮಾರ್ಚ್ 14

ಇವತ್ತು ನಾವು ಅಮ್ಮನ ಜೊತೆ ಮಾತಾಡುವ ದಿನ. ಇಡೀ ಯಾತ್ರೆಯಲ್ಲಿ ಒಂದೇ ಸಲ, ಕೇಂದ್ರಕ್ಕೆ ಹೋಗಿ. ನೆಟಿಗೆ ಮಾಮ ಬೆಳಿಗ್ಗೆಯೇ ದೊಡ್ಡ ಸಾಹೇಬರ ಹತ್ತಿರ ಹೋಗಿ ವಾದ ಮಾಡಿ ಸೋತು ಬಂದಿದ್ದರು. ಕಿವಿ ಕೆಂಪಾಗಿತ್ತು.

ಕೇಂದ್ರದ ಡಾಕ್ಟರಮ್ಮ ನಮ್ಮನ್ನು ಕೂರಿಸಿ ನಿಯಮ ಹೇಳಿದರು. ಸಂತೋಷದ ಮಾತು ಮಾತ್ರ. ಅಳು, ದೂರು, ಕಾಯಿಲೆ ಯಾವುದೂ ಕೂಡದು. ಅವರ ಮುಂದೊಂದು ಗುಂಡಿ ಇತ್ತು, ಒತ್ತಿದರೆ ಮಾತು ಕಡಿದುಹೋಗುತ್ತದೆ. ಕಪಾಟಿನಷ್ಟು ದೊಡ್ಡ ಯಂತ್ರಗಳು, ಶರ್ಟಿನ ತೋಳು ಮಡಿಸಿದ ಗಂಡಸರು, ಎಲ್ಲೆಲ್ಲೂ ಅರ್ಧ ಕುಡಿದಿಟ್ಟ ಟೀ ಲೋಟ. ಆ ದೀಪ ಎಲ್ಲಿದೆ ಅಂತ ಹುಡುಕಿದೆ. ಅಷ್ಟೊಂದು ದೀಪಗಳಲ್ಲಿ ಯಾವುದು ಅಂತ ಗೊತ್ತಾಗಲಿಲ್ಲ.

ಅಪ್ಪ ಮೈಕು ಹಿಡಿದು "ಹೇಗಿದ್ದೀಯೇ" ಅಂದ, ಅಷ್ಟಕ್ಕೇ ಅದನ್ನು ಅಜ್ಜಿಗೆ ಕೊಟ್ಟ. ಅಜ್ಜಿ, "ಊಟ ಮಾಡಿದ್ಯಾ? ಅಲ್ಲಿ ಚಳೀನಾ?" ಅಂತ ಕೂಗಿದಳು, ಅಷ್ಟು ದೂರಕ್ಕೆ ಕೇಳಿಸಬೇಕಲ್ಲ. ಆಮೇಲೆ ನನ್ನ ಸರದಿ.

"ಮಗಳೇ, ಹೇಗಿದ್ದೀಯ? ಕೆಳಗೆಲ್ಲ ಎಷ್ಟು ಚೆನ್ನಾಗಿ ಕಾಣ್ತಿದೆ ಗೊತ್ತಾ?"

ಎಷ್ಟು ಖುಷಿಯಾಗಿದ್ದಳು! ಹೇಳಿದರೆ ಆ ಖುಷಿಯನ್ನು ನಾನೇ ಕಿತ್ತುಕೊಂಡ ಹಾಗೆ. ಹೇಳದಿದ್ದರೆ? ದೊಡ್ಡವರೆಲ್ಲ ಯೋಚಿಸಿದ್ದಾರೆ, ನಾನ್ಯಾವ ದೊಡ್ಡ ಮನುಷ್ಯಳು?

"ಅಮ್ಮಾ, ಕೆಟ್ಟ ಸುದ್ದಿ ಮೊದಲು" ಅಂದೆ.

ಡಾಕ್ಟರಮ್ಮನ ಕೈ ಗುಂಡಿಯ ಕಡೆ ಹೋಯಿತು. ನೆಟಿಗೆ ಮಾಮ ಆ ಕೈ ಹಿಡಿದುಕೊಂಡರು. ಯಾರೋ ಕುರ್ಚಿ ತಳ್ಳಿ ಎದ್ದರು. ನಾನು ಗಡಗಡ ಹೇಳಿಬಿಟ್ಟೆ: ಪ್ಯಾರಾಚೂಟಿನ ದೀಪ ಕೆಂಪಗಿದೆ, ಮೊನ್ನೆ ಸಂಜೆಯಿಂದ, ದೀಪ ಸುಳ್ಳು ಹೇಳುತ್ತಿರಬಹುದು, ನಿನಗೆ ಹೇಳಿಲ್ಲ, ಬದಲಿ ಆಂಟಿ ಕೈಹಿಡಿ ಎಳೆಯುವುದನ್ನು ಅಭ್ಯಾಸ ಮಾಡುತ್ತಿದ್ದಾರೆ.

ಬರೀ ಗರಗರ ಸದ್ದು. ಆಮೇಲೆ ಬಂದದ್ದು ಮನೆಯ ದನಿಯಲ್ಲ, ಪೈಲಟ್ಟಿನ ದನಿ. "ಎಷ್ಟು ಎತ್ತರದಲ್ಲಿ ಎಳೀತಿದ್ದಾರೆ?"

"ಸರಿಯಾಗಿ ಗೊತ್ತಿಲ್ಲ ಅಮ್ಮ. ಎರಡು ಸಾವಿರದವರೆಗೆ ಎಳೆದ್ರೂ ಬಿಚ್ಚಲಿಲ್ಲ, ತಡ ಆಗೋಯ್ತು. ಎರಡು ಸಲಾನೂ ಸತ್ರು."

"ಇನ್ನೇನಾದ್ರೂ ಇದ್ಯಾ?"

"ಇಲ್ಲ. ಇಷ್ಟೇ."

"ಸರಿ" ಅಂದಳು ಅಮ್ಮ. "ಒಳಗೆ ಬಾ."

ಎಲ್ಲಿಂದಲೋ ಆಕಾಶದಿಂದ ಹಾಗಂದಳು. ಅಲ್ಲಿಗೆ ಮಾತು ಕಡಿಯಿತು. ಗುಂಡಿ ಒತ್ತಿದರೋ ಅಥವಾ ಹೊತ್ತು ಮುಗಿಯಿತೋ ಗೊತ್ತಿಲ್ಲ.

ದೊಡ್ಡ ಸಾಹೇಬರು ನನಗೆ ಬೈಯಲಿಲ್ಲ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, "ಏನು ಮಾಡಿಬಿಟ್ಟೆಯಮ್ಮ" ಅಂದರು. ಬೈದಿದ್ದರೆ ವಾಸಿಯಿತ್ತು. ಸಂಜೆ ಇಬ್ಬರು ಬಂದು ಪೆಟ್ಟಿಗೆ ಬಿಚ್ಚಿಕೊಂಡು ಹೋದರು. ನೆಟಿಗೆ ಮಾಮನೂ ನಮ್ಮ ಮನೆಗೆ ಬರಬಾರದಂತೆ.

ಮಾರ್ಚ್ 15

ಇಳಿಯುವ ದಿನ. ಪೆಟ್ಟಿಗೆ ಇದ್ದ ಜಾಗದಲ್ಲಿ ಧೂಳಿನ ಚೌಕ.

ಅಪ್ಪ ಅಂಗಡಿಯಿಂದ ರೇಡಿಯೋಗಳನ್ನೆಲ್ಲ ತಂದು ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದಾನೆ. ಎಲ್ಲದರಲ್ಲೂ ಒಂದೇ ಸಂಗೀತ.

ಹನ್ನೊಂದರ ವಾರ್ತೆ: ಗಗನಯಾತ್ರಿ ಇಳಿಯಲು ಸಿದ್ಧರಾಗಿದ್ದಾರೆ. ಸಂಗೀತ.

ಒಂದು ಗಂಟೆ. ಇಷ್ಟು ಹೊತ್ತಿಗೆ ಇಳಿದಿರಬೇಕಿತ್ತು. ಸಂಗೀತ. ಅಪ್ಪ ಒಂದು ರೇಡಿಯೋ ಬಿಚ್ಚಿ ಮತ್ತೆ ಜೋಡಿಸಿದ. ಅದರಲ್ಲಿ ಏನೂ ಕೆಟ್ಟಿರಲಿಲ್ಲ.

ಎರಡೂವರೆ. ಅಜ್ಜಿಗೆ ಊಟ ಬಡಿಸಿದೆ. ಬೇಡ ಅಂದಳು. "ನೀನು ತಿನ್ನದಿದ್ರೆ ನಾನೂ ತಿನ್ನಲ್ಲ" ಅಂದೆ, ಇಬ್ಬರೂ ತಿಂದೆವು. ಅಪ್ಪನಿಗೂ ತಟ್ಟೆ ಕೈಗೇ ಕೊಟ್ಟೆ.

ಮೂರು. ಹುಡುಕಾಟ ನಡೆದಿದೆ ಅಂದರು. ಹುಡುಕಾಟ ಅಂದರೇನು? ಬೇಗ ಎಳೆದಳಾ? ಎಳೆದದ್ದು ಬರಲಿಲ್ಲವಾ? ನಾನು ಹೇಳಿದ್ದಕ್ಕಾ?

ಸಂಜೆ ನೆಟಿಗೆ ಮಾಮ ಸೈಕಲ್ಲನ್ನು ಗೇಟಿಗೆ ಗುದ್ದಿಸಿ ಓಡಿ ಬಂದರು. ಹೊಸ್ತಿಲಲ್ಲಿ ನಿಂತು ಏದುಸಿರು ಬಿಡುತ್ತ, "ಕೆಟ್ಟ ಸುದ್ದಿ ಮೊದಲು. ಕಾಲು ಮುರಿದಿದೆ" ಅಂದರು.

ಕಾಲು ಮಾತ್ರ ಮುರಿದಿದೆ ಅಂದರೆ ಬದುಕಿದ್ದಾಳೆ. ಅದು ನನಗೆ ಮೊದಲು ಹೊಳೆಯಿತು. ಅಪ್ಪನಿಗೆ ಬಿಡಿಸಿ ಹೇಳಬೇಕಾಯಿತು.

ಮಾರ್ಚ್ 18

ದೀಪ ಸುಳ್ಳು ಹೇಳಿತ್ತು.

ಕ್ಯಾಪ್ಸೂಲ್ ತಂದು ನೋಡಿದರಂತೆ. ಪ್ಯಾರಾಚೂಟ್ ಬಿಚ್ಚುವ ಸಲಕರಣೆಗೆ ಏನೂ ಆಗಿರಲಿಲ್ಲ. ಸುಮ್ಮನಿದ್ದಿದ್ದರೆ ತಾನಾಗಿ ಬಿಚ್ಚಿಕೊಂಡು, ಹುಲ್ಲಿನ ಬಯಲಿನಲ್ಲಿ ಮೆತ್ತಗೆ ಇಳಿಯುತ್ತಿತ್ತು. ಅಮ್ಮ ಕೈಹಿಡಿಯನ್ನು ಎತ್ತರದಲ್ಲೇ ಎಳೆದಳು. ಗಾಳಿ ಎಲ್ಲಿಗೋ ಒಯ್ದು ಬಂಡೆಗಳ ಇಳಿಜಾರಿನಲ್ಲಿ ಕೆಡವಿತು. ದೊಡ್ಡ ಸಾಹೇಬರು ಹೇಳಿದ್ದ ಹಾಗೆಯೇ ಆಯಿತು. ನೆಟಿಗೆ ಮಾಮನನ್ನು ಮುಂದಿನ ಸರದಿಯಿಂದ ತೆಗೆದಿದ್ದಾರೆ. ಅವರು ನನ್ನ ಮುಂದೆ ಅದನ್ನು ಹೇಳಲಿಲ್ಲ, ಅಪ್ಪನಿಗೆ ಹೇಳುವಾಗ ಕೇಳಿಸಿತು.

ಎಲ್ಲ ನನ್ನಿಂದ. ಅಜ್ಜಿ ಪಕ್ಕದಲ್ಲಿ ಬಂದು ಕೂತು, "ಅಳೋದಾದ್ರೆ ಅತ್ತುಬಿಡು, ಗುಮ್ಮನಗುಸುಕಿ" ಅಂದಳು. ಅಳು ಬರಲಿಲ್ಲ.

ಮಾರ್ಚ್ 21

ಆಸ್ಪತ್ರೆಗೆ ಹೋಗಿದ್ದೆವು. ಅಮ್ಮನ ಕಾಲಿಗೆ ತೊಡೆಯವರೆಗೆ ಬಿಳಿ ಕಟ್ಟು, ಕೆನ್ನೆ ತರಚಿದೆ. ಅಪ್ಪ ಕಿತ್ತಳೆ ಸುಲಿಯುತ್ತ ಕೂತ. ಅಜ್ಜಿ ಕಟ್ಟಿನ ಮೇಲೆ ಬೆರಳಿನಿಂದ ತಟ್ಟಿ ನೋಡಿ, ಗೋಡೆ ಇದ್ದ ಹಾಗಿದೆ ಅಂದಳು.

ನಾನು ಮಂಚದ ಹತ್ತಿರ ಹೋಗಿ, ಯಾರೂ ಕೇಳುವ ಮೊದಲೇ ಹೇಳಿದೆ. "ಅಮ್ಮಾ, ನಾನು ಹೇಳದಿದ್ರೆ ನಿನ್ನ ಕಾಲು ಮುರೀತಿರಲಿಲ್ಲ. ಹೆದರಿ ಎಳೆದುಬಿಡ್ತೀಯ ಅಂತ ಅವರಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಗೊತ್ತಿದ್ದೂ ಹೇಳ್ದೆ."

ಅಮ್ಮ ತಕ್ಷಣ ಸಮಾಧಾನ ಮಾಡಲಿಲ್ಲ. ಹಾಗೆ ಮಾಡುವವಳಲ್ಲ ಅವಳು.

"ಹೌದು, ಹೆದರಿಯೇ ಎಳೆದೆ" ಅಂದಳು. "ನೀನು ಹೇಳಿದ ಮೇಲೆ ನಾನು ನಿದ್ದೆ ಮಾಡ್ಲಿಲ್ಲ. ಒಂದು ಸುತ್ತು ಪೂರ್ತಿ ಅಳ್ತಾನೇ ಇದ್ದೆ. ಅಲ್ಲಿ ಕಣ್ಣೀರು ಕೆಳಗೆ ಬೀಳಲ್ಲ ಗೊತ್ತಾ, ಕಣ್ಣಲ್ಲೇ ಗುಡ್ಡೆ ಆಗಿ ಉರಿಯುತ್ತೆ. ನಿನಗೆ ಚೆನ್ನಾಗಿ ಬೈದೆ. ಸಾಹೇಬರಿಗೂ ಬೈದೆ. ಆಮೇಲೆ ಕೈಹಿಡಿ ಎಲ್ಲಿದೆ ಅಂತ ಕಣ್ಣು ಮುಚ್ಚಿಕೊಂಡು ಹುಡುಕೋದನ್ನ ಅಭ್ಯಾಸ ಮಾಡ್ದೆ, ಇಳಿಯೋ ಹೊತ್ತು ಬರೋವರೆಗೂ. ಎಳೆದದ್ದು ಬೇಗ ಆಯ್ತು. ಅದು ನನ್ನ ತಪ್ಪು, ನಿಂದಲ್ಲ. ಹೆದರಿಕೆ ನಂದು, ಕೈಯೂ ನಂದು."

"ನೋಯ್ತಿದ್ಯಾ?"

"ತುಂಬಾ." ನನ್ನ ಮುಂಗೈ ಹಿಡಿದುಕೊಂಡಳು, ಬಿಗಿಯಾಗಿ. ಅವಳ ಅಂಗೈ ಬೆವರಿತ್ತು. "ಇಲ್ಲಿ ಕೇಳು. ಮುಂದಿನ ಸಲಾನೂ ನೀನೇ ಹೇಳ್ಬೇಕು."

ಕಿತ್ತಳೆ ಸುಲಿಯುತ್ತಿದ್ದ ಅಪ್ಪನ ಕೈ ನಿಂತಿತು. ಅಜ್ಜಿಗೆ ಕೇಳಿಸಲಿಲ್ಲ, ಏನಂತೆ ಅಂತ ನನ್ನ ಅಂಗಿ ಎಳೆದಳು.

ಮುಂದಿನ ಸಲ. ಅಂದರೆ ಕಾಲು ಕೂಡಿದ ಮೇಲೆ ಮತ್ತೆ ಗಾಜು, ಮತ್ತೆ ನಡುಗುವ ನೆಲ, ಮತ್ತೆ ಸಂಗೀತ. ಬೇಡ ಅಂತ ಕಿರುಚಬೇಕು ಅನ್ನಿಸಿತು. ಅಮ್ಮ ನನ್ನನ್ನೇ ನೋಡುತ್ತಿದ್ದಳು. ನಾನು ಹೂಂ ಅನ್ನುವವರೆಗೆ ಅವಳು ಕೈ ಬಿಡುವ ಹಾಗಿರಲಿಲ್ಲ.

"ಹೇಳ್ತೀನಿ" ಅಂದೆ.

ಆಮೇಲೆ ಬಚ್ಚಲಿಗೆ ಹೋಗಿ, ನಲ್ಲಿ ಪೂರ್ತಿ ತಿರುಗಿಸಿ, ನೀರಿನ ಸದ್ದಿನಲ್ಲಿ ಅತ್ತುಬಿಟ್ಟೆ. ಮುಖ ತೊಳೆದುಕೊಂಡು ಬಂದಾಗ ಅಪ್ಪ ಅಲ್ಲೇ ಬಾಗಿಲ ಹೊರಗೆ ನಿಂತಿದ್ದ, ತನ್ನ ಸರದಿಗೆ ಕಾಯುತ್ತ.